ಮೂರು ಕಾಲೇಜಿಗೆ ಮೂರು ಡಜನ್ ಕೆಂಪು ಬಾಳೆಹಣ್ಣು

ಕಮಲಾಪುರದ ಪಿಯು ಕಾಲೇಜಿನಲ್ಲಿ ನಾನು ಫಿಸಿಕ್ಸ್ ಕಲಿಸುವುದು ವರ್ಷಕ್ಕೆ ಹತ್ತು ತಿಂಗಳು. ಸಿಇಟಿ ರ‍್ಯಾಂಕ್ ಬಂತೆಂದರೆ ನನ್ನ ಫಿಸಿಕ್ಸ್ ಯಾರಿಗೂ ಬೇಡ. “ಯಾವ ಕಾಲೇಜ್ ಮೊದ್ಲು ಹಾಕಬೇಕ್ರಿ ಮೇಡಂ?” ಎಂಬ ಒಂದೇ ಪ್ರಶ್ನೆ. ಆಚೀಚೆಯ ಇಂಜಿನಿಯರಿಂಗ್ ಕಾಲೇಜುಗಳು ಬಹಳಷ್ಟು ಒಂದೇ ವಿಶ್ವವಿದ್ಯಾಲಯದ ಮಕ್ಕಳು. ಪಾಠ ಒಂದೇ, ಪರೀಕ್ಷೆ ಒಂದೇ, ಕೊನೆಗೆ ಕೈಗೆ ಬರುವ ಸರ್ಟಿಫಿಕೇಟೂ ಒಂದೇ. ಆದರೂ ಜನ ಒಂದನ್ನು ಬಿಟ್ಟು ಇನ್ನೊಂದನ್ನು ಯಾವ ಲೆಕ್ಕದಲ್ಲಿ ಆರಿಸುತ್ತಾರೆ ಎಂಬ ಕುತೂಹಲ ನನಗೆ ಇಷ್ಟು ವರ್ಷವಾದರೂ ತೀರಿಲ್ಲ. ತೀರಲು ಅವರು ಬಿಡುವುದೂ ಇಲ್ಲ.

ಬಸ್ಸಿನ ದಾರಿ

ಹಿಂದೊಮ್ಮೆ ಒಬ್ಬ ಹುಡುಗ ಕಾಲೇಜುಗಳ ಪಟ್ಟಿ ಬರೆದುಕೊಂಡು ಬಂದ. ಅವನ ರ‍್ಯಾಂಕಿಗೂ ಆ ಪಟ್ಟಿಗೂ ತಾಳಮೇಳವೇ ಇರಲಿಲ್ಲ.

“ಇದು ಯಾವ ಕ್ರಮಾನೋ?” ಎಂದೆ.

“ಬಸ್ಸಿನ್ಯಾಗ ಕುಂತು ಬರಕೊಂಡೀನ್ರಿ ಮೇಡಂ. ಕಮಲಾಪುರದಿಂದ ಹೋಗುವಾಗ ಯಾವ್ದು ಮೊದ್ಲು ಕಾಣ್ತದ, ಅದೇ ಒಂದನೇ ನಂಬರ್. ಹತ್ತಿರದ್ದು ಬಿಟ್ಟು ದೂರದ್ದು ಹಾಕಬ್ಯಾಡ ಅಂತ ಅವ್ವ ಹೇಳ್ಯಾಳ.”

ಎಷ್ಟು ಹೇಳಿದರೂ ಕೇಳಲಿಲ್ಲ. ಒಂದನೇ ನಂಬರೇ ಸಿಕ್ಕಿತು. ಮೊದಲ ದಿನ ಹೊಸ ಬ್ಯಾಗು ಹಾಕಿಕೊಂಡು ಅದೇ ಬಸ್ ಹತ್ತಿದ. ಕಾಲೇಜು ಬಂತು, ಕಾಲೇಜು ಹೋಯಿತು, ಬಸ್ ನಿಲ್ಲಲಿಲ್ಲ. ಹುಡುಗ ಕೂಗಿಕೊಂಡಾಗ ಕಂಡಕ್ಟರ್ ಸಮಾಧಾನ ಮಾಡಿದನಂತೆ: “ಇದು ಎಕ್ಸ್‌ಪ್ರೆಸ್ ಅದ ತಮ್ಮಾ, ಇಲ್ಲಿ ಸ್ಟಾಪ್ ಇಲ್ಲ. ಸೀದಾ ಕಲಬುರಗಿಗಿ ಹೋಗಿ, ಆಟೋ ಹಿಡಕೊಂಡು ವಾಪಸ್ ಬಾ.”

ಪಟ್ಟಿಯಲ್ಲಿದ್ದ ಎಲ್ಲ ಕಾಲೇಜುಗಳಿಗಿಂತ ಈಗ ಅವನದೇ ದೂರ.

ಆಯಿ ಮನೆ ನೋಡಿದ್ದು

ಈ ವರ್ಷ ಬಂದವಳು ಕಮಲಾಪುರದ ಕೆಂಪು ಬಾಳೆ ಬೆಳೆಯುವ ರೈತನ ಮಗಳು. ತೋಟದ ಪಂಪ್‌ಸೆಟ್ಟಿನ ಸ್ಟಾರ್ಟರ್ ಕೆಟ್ಟರೆ ಮೆಕ್ಯಾನಿಕ್‌ನನ್ನು ಕರೆಯದೆ ತಾನೇ ಬಿಚ್ಚಿ ಜೋಡಿಸುವ ಹುಡುಗಿ. ಅವಳಿಗೆ ಇಲೆಕ್ಟ್ರಿಕಲ್ ಬೇಕು, ಅದೂ ದೊಡ್ಡ ಮಷೀನ್ ಲ್ಯಾಬ್ ಇರುವ ಕಾಲೇಜೇ ಬೇಕು. ಅಲ್ಲಿ ನೂಕುನುಗ್ಗಲು ಜಾಸ್ತಿ. ಅವಳ ರ‍್ಯಾಂಕೋ ಅಂಚಿನಲ್ಲಿ ನಿಂತಿತ್ತು, ಸಿಕ್ಕರೆ ಸಿಕ್ಕಿತು. ಅಪ್ಪ ಮೊದಲೇ ಹೇಳಿಬಿಟ್ಟಿದ್ದ: “ಮೊದ್ಲನೇ ಸುತ್ತಿನ್ಯಾಗ ಎಲ್ಲೂ ಸಿಗಲಿಲ್ಲಂದ್ರ ಇಂಜಿನಿಯರಿಂಗ್ ಮಾತು ಬಿಡಬೇಕು ನೋಡು.”

ಅಜ್ಜಿಯ ಚಿಂತೆ ಬೇರೆ. ಮನೆಯಲ್ಲಿ ಎಲ್ಲರೂ ಅವರನ್ನು ಆಯಿ ಎನ್ನುತ್ತಾರೆ. “ಹುಡುಗಿ ನಾಕು ವರ್ಷ ಬಾಳೋ ಮನಿ. ನೋಡದೇ ಹ್ಯಾಂಗ ಕೊಡಾದು?” ಎಂದು ಹಟ ಹಿಡಿದರು. ಹೀಗಾಗಿ ಆಯಿ, ಮಗ, ಮೊಮ್ಮಗಳು ಕಾಲೇಜು ನೋಡಲು ಹೊರಟರು. ಬರಿಗೈಲಿ ಹೋಗುವುದುಂಟೇ? ಕಾಲೇಜಿಗೊಂದು ಡಜನ್ ಕೆಂಪು ಬಾಳೆಹಣ್ಣು. ನಾನೂ ತಡೆಯಲಾರದೆ ಜೊತೆಗೆ ಹೋದೆ.

ಹುಡುಗಿ ಲ್ಯಾಬ್ ಹುಡುಕಿದಳು. ಆಯಿ ಹುಡುಕಿದ್ದು ಅಡುಗೆಮನೆ, ಬಚ್ಚಲು, ಅಂಗಳ. ಹೊರಗೆ ಬರುವ ಹುಡುಗಿಯರ ಮುಖ ನೋಡಿ, “ನಗಾಕತ್ತಾರ, ಅಡ್ಡಿಯಿಲ್ಲ” ಎಂದರು. ಎರಡನೇ ಕಾಲೇಜಿನ ವರಾಂಡದಲ್ಲಿ ಕುಡಿಯುವ ನೀರಿನ ನಳ ಸೋರುತ್ತಿತ್ತು. ಆಯಿ ನೇರ ಆಫೀಸಿಗೆ ನುಗ್ಗಿ ಸೂಪರಿಂಟೆಂಡೆಂಟರನ್ನು ಕೇಳಿದರು: “ನಳಾ ಹಂಗೇ ಸೋರಾಕತ್ತದ. ಈ ಮನ್ಯಾಗ ಹಿರೇರು ಯಾರೂ ಇಲ್ಲೇನ್ರಿ?”

ಆ ಮನುಷ್ಯ ಗಾಬರಿಯಾಗಿ ಎದ್ದು ನಿಂತರು. “ಅದಾರ್ರಿ ಅಮ್ಮಾ. ಪ್ರಿನ್ಸಿಪಾಲ್ ಸಾಬ್ ರಜಾದ ಮ್ಯಾಲ ಹೋಗ್ಯಾರ.”

ಮೂರೂ ಕಡೆ ಕೊಟ್ಟ ಮಾತು

ಪಟ್ಟಿ ತುಂಬುವ ಕೊನೆಯ ದಿನ. ಸಂಜೆಯೊಳಗೆ ಲಾಕ್ ಆಗಬೇಕು, ಆಮೇಲೆ ಬದಲಾಯಿಸಲು ಬರುವುದಿಲ್ಲ. ನನ್ನ ಲ್ಯಾಪ್‌ಟಾಪಿನ ಮುಂದೆ ಮೂವರೂ ಕುಳಿತರು. ಹುಡುಗಿ ತನ್ನ ಕಾಲೇಜನ್ನು ಮೊದಲು ಹಾಕಲು ಹೋದದ್ದೇ ತಡ, ಅಪ್ಪ ಅವಳ ಕೈ ಹಿಡಿದ.

“ತಡಿಯವಾ. ನಾ ಮೂರೂ ಕಡಿ, ನಮ್ಮ ಮನಸ್ಸು ನಿಮ್ಮ ಮ್ಯಾಲೇ ಅದ ಅಂತ ಹೇಳಿ ಬಂದೀನಿ.”

“ಹೇಳಿದ್ರೇನಾಯ್ತ್ರಿ?” ಎಂದೆ.

“ಹಂಗ್ಯಾಕಂತೀರಿ ಮೇಡಂ? ನಾವು ಎರಡನೇದವ್ರು ಅಂತ ಅವರಿಗಿ ತಿಳದ್ರ ಸಿಟ್ಟಾಗಂಗಿಲ್ಲೇನು? ದೊಡ್ಡ ಕಾಲೇಜಿನವ್ರು ಒಲ್ಲೆ ಅಂತಾರ, ಇವರು ಸಿಟ್ಟಿಲೆ ಒಲ್ಲೆ ಅಂತಾರ. ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಸುಮ್ನ ಸಿಗೋ ಮೂರನೇದನ್ನೇ ಮೊದ್ಲು ಹಾಕ್ರಿ.”

ಅದನ್ನು ಮೊದಲು ಹಾಕಿದರೆ ಅದೇ ಸಿಗುತ್ತದೆ, ಮಷೀನ್ ಲ್ಯಾಬಿನ ಕನಸು ಅಲ್ಲಿಗೆ ಮುಗಿಯಿತು. ಹುಡುಗಿಯ ಕಣ್ಣು ತುಂಬಿತು. ಮನಸ್ಸಿನಲ್ಲಿದ್ದುದನ್ನೇ ಮೊದಲು ಹಾಕಬೇಕು, ಅದು ಸಿಗದಿದ್ದರೆ ಕಂಪ್ಯೂಟರ್ ರ‍್ಯಾಂಕ್ ನೋಡಿಕೊಂಡು ತಾನೇ ಎರಡನೆಯದಕ್ಕೆ ಹೋಗುತ್ತದೆ, ಎರಡನೆಯದೆಂದು ಅದನ್ನು ತಡೆಯುವವರು ಯಾರೂ ಇಲ್ಲ ಎಂದು ಮೂರು ಸಲ ಬಿಡಿಸಿ ಹೇಳಿದೆ. ಅಪ್ಪ ಕೈ ಬಿಡಲಿಲ್ಲ.

ಆಯಿ ಮಾತ್ರ ಕಿವಿಗೊಟ್ಟು ಕೇಳುತ್ತಿದ್ದರು. “ನಾವು ಯಾರನ್ನ ಮೊದ್ಲು ಬರದೀವಿ ಅಂತ ಈ ಕಂಪ್ಯೂಟರ್ ಉಳದವ್ರ ಮುಂದ ಬಾಯಿ ಬಿಡಂಗಿಲ್ಲೇನು?”

“ಇಲ್ಲ ಆಯಿ.”

“ಇಂಥಾ ದಲ್ಲಾಳಿ ನನ್ನ ಮದಿವ್ಯಾಗ ಸಿಗಬೇಕಾಗಿತ್ತು” ಎಂದವರೇ ಮಗನ ಕೈ ಎತ್ತಿ ಬದಿಗಿಟ್ಟರು. “ಒತ್ತವಾ ತಂಗಿ, ನಿನ್ನ ಮನಸಿನ್ದೇ ಮೊದ್ಲು ಒತ್ತು.”

ಬೇರೆ ಕಡೆ ಕೂಡಿ ಬಂತು

ಮೊದಲ ಸುತ್ತಿನಲ್ಲೇ ಅವಳ ಕಾಲೇಜು ಸಿಕ್ಕಿತು. ಹುಡುಗಿ ಫೋನಿನಲ್ಲಿ ಕಿರುಚಿದ್ದಕ್ಕೆ ನಾನೂ ಕಿರುಚಿದೆ. ಕಲಬುರಗಿ ಶಹಾಬಜಾರದ ನಮ್ಮ ಓಣಿಯವರು ಏನಾಯಿತೆಂದು ಹೊರಗೆ ಬಂದರು. ಅಪ್ಪನಂತೂ ಪೇಢೆ ಹಂಚಿದ್ದೇ ಹಂಚಿದ್ದು. ಆಯಿಗೆ ಮಾತ್ರ ಕೆಲಸ ಮುಗಿದಿರಲಿಲ್ಲ.

“ಉಳದ ಎರಡೂ ಮನಿಗಿ ಹೋಗಿ ಹೇಳಿ ಬರಬೇಕು. ಸುಮ್ನ ಕುಂತ್ರ ಮರ್ಯಾದಿ ಅಲ್ಲ.”

ಮತ್ತೆ ಬಾಳೆಹಣ್ಣು, ಮತ್ತೆ ಬಸ್ಸು, ಮತ್ತೆ ನನ್ನ ಕುತೂಹಲ. ಎರಡನೇ ಕಾಲೇಜಿನ ಆ ಸೂಪರಿಂಟೆಂಡೆಂಟರ ಮೇಜಿನ ಮೇಲೆ ಆಯಿ ಒಂದು ಡಜನ್ ಇಟ್ಟು ಕೈ ಮುಗಿದರು. “ತಪ್ಪು ತಿಳಕೋಬ್ಯಾಡ್ರಿ ಸಾಹೇಬ್ರ. ಹುಡುಗಿಗಿ ಬ್ಯಾರೆ ಕಡಿ ಕೂಡಿ ಬಂತು. ನಿಮ್ಮ ಮನಿತನದಾಗೇನೂ ಕೊರತಿ ಇರಲಿಲ್ಲ.”

ಸೀಟು ಕೇಳಿ ಬಂದವರನ್ನು ಸೂಪರಿಂಟೆಂಡೆಂಟರು ಎಷ್ಟೋ ಕಂಡಿದ್ದರು. ಬೇಡವಾಯಿತು ಎಂದು ಹೇಳಲು ಬಂದವರು ಇವರೇ ಮೊದಲು. ಒಂದು ಹಣ್ಣು ಸುಲಿದು ಬಾಯಿಗಿಟ್ಟುಕೊಂಡರು.

“ಇರ್ಲಿ ಬಿಡ್ರಿ ಅಮ್ಮಾ, ಎಲ್ಲಾ ನಸೀಬು. ಹುಡುಗಿಗಿ ತಂಗಿ ಅದಾಳೇನು?”

“ಅದಾಳ್ರಿ. ಈಗ ಎಂಟನೇತ್ತ ಓದ್ತಾಳ.”

“ಹಂಗಾದ್ರ ಆಕಿನ್ನ ನಮ್ಮ ಕಡೀಗೇ ಕೊಡ್ರಿ.”

ಆಯಿ ಬಾಗಿಲಾಚೆ ವರಾಂಡದತ್ತ ಒಮ್ಮೆ ನೋಡಿ, ಸೆರಗು ಸರಿ ಮಾಡಿಕೊಂಡು ಎದ್ದರು.

“ಕೊಡೋಣಂತ. ಇನ್ನಾ ಐದು ವರ್ಷ ಅದ. ಅಷ್ಟರಾಗ ಆ ನಳಾ ರಿಪೇರಿ ಮಾಡಸ್ರಿ.”