ಮೂರು ಪರದೆಯ ಮೇಲೆ ನಿಲ್ಲದ ಕಾರು

ಸ್ವಲ್ಪ ಇಲ್ಲಿ ಕೇಳಿ. ಅರ್ಧಕ್ಕೇ ಎದ್ದು ಹೋಗಬೇಡಿ, ಪೂರ್ತಿ ಕೇಳಿ. ಕೊನೆಯಲ್ಲಿ ನಿಮ್ಮನ್ನೇ ಒಂದು ಮಾತು ಕೇಳುವುದಿದೆ.

ಒಂದು ಡ್ರೈವಿಂಗ್ ಸ್ಕೂಲು. ಅಲ್ಲೊಬ್ಬ ಗುಮಾಸ್ತ. ಲೈಸೆನ್ಸ್ ಬೇಕೆಂದು ಬಂದವರ ಅರ್ಜಿ ತುಂಬುವುದೇ ಅವನ ಕೆಲಸವಾದ್ದರಿಂದ ಎಲ್ಲರೂ ಅವನನ್ನು ‘ಅರ್ಜಿ’ ಎಂದೇ ಕರೆಯುತ್ತಿದ್ದರು. ನಾಲ್ಕು ವರ್ಷದಿಂದ ಅವನದು ಟೆಂಪರರಿ ಕೆಲಸ. ಊರಿನವರ ಅರ್ಜಿಯನ್ನೆಲ್ಲ ತುಂಬಿ ಕಳಿಸಿದವನ ಅರ್ಜಿ ಮಾತ್ರ ಮಾಲೀಕರ ಡ್ರಾಯರಿನಲ್ಲೇ ನಿದ್ದೆ ಮಾಡುತ್ತಿತ್ತು.

ಎಡವಟ್ಟಾದದ್ದು ಊಟದ ಹೊತ್ತಿನ ಒಂದು ಸುಳ್ಳಿನಿಂದ. ಹೋದ ವಾರ ಅವನು ಆಫೀಸಿನ ಕಂಪ್ಯೂಟರಿನಲ್ಲಿ ತನ್ನ ಹಳೇ ಕಾರ್ ಗೇಮ್ ಆಡುತ್ತಿದ್ದಾಗ ಮಾಲೀಕರು ಬೆನ್ನ ಹಿಂದೆ ಬಂದು ನಿಂತರು. ಜೀವ ಬಾಯಿಗೆ ಬಂದು, ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ.

“ಇದು ಆಟ ಅಲ್ಲ ಸಾರ್, ಸಿಮ್ಯುಲೇಟರ್! ಪರದೆ ಮೇಲೇ ಡ್ರೈವಿಂಗ್ ಕಲಿಯೋದು!”

ಮಾಲೀಕರು ಬೈಯಲಿಲ್ಲ. ಹೆಗಲು ತಟ್ಟಿ ಹೋದರು. ಬೈದಿದ್ದರೇ ಚೆನ್ನಾಗಿತ್ತು ಎಂದು ಅರ್ಜಿಗೆ ತಿಳಿದದ್ದು ಈ ದಿನ ಬೆಳಗ್ಗೆ.

“ಇವತ್ತು ನಾಲ್ಕು ಗಂಟೆಗೆ ಆರ್‌ಟಿಓ ಇನ್ಸ್‌ಪೆಕ್ಟರ್ ಮೇಡಂ ಬರ್ತಾರೆ ಕಣಯ್ಯ. ಸಿಮ್ಯುಲೇಟರ್ ಇಲ್ಲದ ಸ್ಕೂಲಿಗೆ ಪರ್ಮಿಟ್ ರಿನ್ಯೂ ಮಾಡಲ್ಲಂತೆ. ನಮ್ಮತ್ರ ಇದೆ ಅಂತ ಬರ್ಕೊಟ್ಟಿದ್ದೀನಿ.”

“ಎಲ್ಲಿದೆ ಸಾರ್?”

“ಅಯ್ಯೋ, ನೀನೇ ಹೇಳಿದ್ಯಲ್ಲಯ್ಯ! ಎದುರಿಗೊಂದು, ಎಡಕ್ಕೊಂದು, ಬಲಕ್ಕೊಂದು, ಮೂರು ಸ್ಕ್ರೀನ್ ಬೇಕಂತೆ ಅಷ್ಟೆ. ಸಂಜೆಗೆ ಪರ್ಮಿಟ್ ಆದ್ರೆ ನೀನು ಕಾಯಂ. ಆಗ್ಲಿಲ್ಲ ಅಂದ್ರೆ ಸ್ಕೂಲೇ ಇರಲ್ಲ, ಇನ್ನು ನೀನೆಲ್ಲಿ?”

ಅರ್ಜಿ ತನ್ನ ಮಾನಿಟರಿನತ್ತ ತಿರುಗಿದ. ಆ ಗೇಮ್ ಎಷ್ಟು ಹಳೆಯದೆಂದರೆ, ಅದು ಹುಟ್ಟಿದ ಕಾಲದಲ್ಲಿ ಮಾನಿಟರುಗಳೆಲ್ಲ ಚೌಕವಾಗಿದ್ದವು. ಒಂದೇ ಒಂದು ಅಗಲದ ಪರದೆಗೆ ಹಾಕಿದರೂ ಕಾರು ಯಾರೋ ಮೇಲೆ ಕೂತೆದ್ದ ಬನ್ನಿನಂತೆ ಚಪ್ಪಟೆಯಾಗುತ್ತಿತ್ತು. ಇನ್ನು ಮೂರು ಪರದೆಗೆ ಎಳೆದರೆ?

ಆದರೂ ಶುರು ಮಾಡಿದ. ಮಾಡದೆ ವಿಧಿಯಿಲ್ಲ. ತನ್ನದೊಂದು ಮಾನಿಟರು ಇತ್ತು. ಎರಡನೆಯದನ್ನು ಮುಂದಿನ ಟೇಬಲ್ಲಿನ ಟೈಪಿಸ್ಟ್ ಅಕ್ಕನಿಂದ ಬೇಡಿ ತಂದ. ಮೂರನೆಯದು ಪಕ್ಕದ ಫೋಟೋ ಸ್ಟುಡಿಯೋದ ಅಣ್ಣನದು. ಅಣ್ಣ ಮಾನಿಟರಿನ ಜೊತೆ ತಾನೂ ಬಂದು ಕುರ್ಚಿ ಎಳೆದುಕೊಂಡು ಕೂತುಬಿಟ್ಟ.

“ನನ್ ಮಾನಿಟರ್ ಎಲ್ಲಿರುತ್ತೋ ನಾನೂ ಅಲ್ಲೇ ಇರ್ತೀನಪ್ಪ. ನೀನು ಮಾಡ್ಕೋ, ನಾನೇನೂ ಮಾತಾಡಲ್ಲ” ಎಂದವನು ಆಮೇಲೆ ಸಂಜೆವರೆಗೂ ಬಾಯಿ ಮುಚ್ಚಲಿಲ್ಲ.

ಮೂರನ್ನೂ ಸಾಲಾಗಿ ಇಟ್ಟರೆ ಒಂದು ಎತ್ತರ, ಒಂದು ಗಿಡ್ಡ, ಒಂದು ಮಧ್ಯಮ. ಗಿಡ್ಡದ್ದರ ಕೆಳಗೆ ಹಳೇ ಅರ್ಜಿಗಳ ಕಟ್ಟು ಇಟ್ಟು ಸಮ ಮಾಡಿದ. ಬಣ್ಣವೂ ಒಂದಕ್ಕೊಂದು ಹೊಂದಲಿಲ್ಲ. ಎಡಗಡೆ ಹಳದಿ ಸಂಜೆ, ನಡುವೆ ಸುಡುವ ಮಧ್ಯಾಹ್ನ, ಬಲಗಡೆ ನೀಲಿ ಬೆಳದಿಂಗಳು.

“ಒಂದೇ ರಸ್ತೇಲಿ ಮೂರು ಹೊತ್ತು!” ಎಂದಿತು ಬಾಗಿಲಿನಿಂದ ಒಂದು ದನಿ. ಅದು ಸ್ಕೂಲಿನ ಹಿರಿಯ ತರಬೇತುದಾರರದು. ಇಪ್ಪತ್ತೆಂಟು ವರ್ಷದಿಂದ “ಕ್ಲಚ್, ಕ್ಲಚ್, ಕ್ಲಚ್ ಒತ್ತೂ!” ಎಂದು ಕೂಗಿ ಕೂಗಿ ಅವರ ಹೆಸರೇ ಕ್ಲಚ್ ಮಾಮ ಎಂದಾಗಿತ್ತು. ಅರ್ಜಿ ಮನೆಗೆ ಓಡಿಹೋಗಿ ತಂದಿದ್ದ ಆಟದ ಸ್ಟಿಯರಿಂಗನ್ನು ಎತ್ತಿ, ತಿರುಗಿಸಿ, ಕೆಳಗೆ ಬಗ್ಗಿ ನೋಡಿದರು.

“ಕ್ಲಚ್ ಎಲ್ಲೋ?”

“ಇದಕ್ಕೆ ಕ್ಲಚ್ ಇಲ್ಲ ಮಾಮ.”

“ಕ್ಲಚ್ ಇಲ್ಲದ್ದು ಕಾರಾ? ತೊಟ್ಲು!”

ಹನ್ನೆರಡು ಗಂಟೆಗೆ ಮೂರು ಪರದೆಯೂ ಸೇರಿ ಒಂದಾದವು. ಅಕ್ಕ ಚಪ್ಪಾಳೆ ತಟ್ಟಿದಳು. ಗೇಮ್ ಹಾಕಿದರೆ, ‘ಶುರು’ ಎಂಬ ಬಟನ್ನೇ ಇಲ್ಲ. ಹುಡುಕೀ ಹುಡುಕೀ ಅರ್ಜಿಯ ಕಣ್ಣು ಸೋತುಹೋಯಿತು. ಕೊನೆಗೆ ನೋಡಿದರೆ ಬಟನ್ನು ಸರಿಯಾಗಿ ಎರಡು ಮಾನಿಟರುಗಳ ಚೌಕಟ್ಟಿನ ಸಂದಿಯಲ್ಲಿ, ಗೋಡೆಯ ಬಿರುಕಿಗೆ ಹೊಕ್ಕ ಹಲ್ಲಿಯಂತೆ, ಅಂಚಷ್ಟೇ ತೋರಿಸುತ್ತ ಕೂತಿತ್ತು.

ಅದನ್ನು ಹೇಗೋ ಒತ್ತಿದ. ಕಾರು ಹೊರಟಿತು. ಬಲಗಡೆ ಹೋಗಿ ಮರೆಯಾದ ಲಾರಿಯೊಂದು ಮರುಕ್ಷಣ ಎಡಗಡೆಯ ಅಂಚಿನಿಂದ ಪ್ರತ್ಯಕ್ಷವಾಯಿತು!

“ಲಾರಿ ಭೂಮಿ ಸುತ್ತಿ ಬಂತಾ?” ಎಂದ ಸ್ಟುಡಿಯೋ ಅಣ್ಣ.

ಎಡಬಲದ ಮಾನಿಟರುಗಳ ವಯರು ಅದಲು ಬದಲಾಗಿತ್ತು. ಬಿಚ್ಚಿ ಸರಿಯಾಗಿ ಹಾಕಿದ. ಗೇಮಿನ ಸೆಟ್ಟಿಂಗ್ ಫೈಲ್ ತೆರೆದು ಅಗಲ ಎಷ್ಟು, ಎತ್ತರ ಎಷ್ಟು ಎಂದು ಕೈಯಿಂದಲೇ ಬರೆದ. ಚಪ್ಪಟೆ ಕಾರು ಉಸಿರೆಳೆದುಕೊಂಡು ದುಂಡಗಾಯಿತು. ನೋಟದ ಕೋನ ಕಿರಿದಾಗಿತ್ತು, ಕೊಳವೆಯಲ್ಲಿ ಇಣುಕಿದಂತೆ. ಹಿಗ್ಗಿಸಿದರೆ ಅಕ್ಕಪಕ್ಕದ ಮರಗಳು ರಬ್ಬರಿನಂತೆ ಎಳೆದುಕೊಂಡು ಓಡಿದವು. ಸ್ವಲ್ಪ ತಗ್ಗಿಸಿದ, ಸ್ವಲ್ಪ ಹೆಚ್ಚಿಸಿದ, ಅಡುಗೆಗೆ ಉಪ್ಪು ನೋಡಿದ ಹಾಗೆ. ಎರಡೂವರೆಗೆ ಎಲ್ಲ ಹದಕ್ಕೆ ಬಂತು. ಕಿಟಕಿ ತೆರೆದಂತೆ ರಸ್ತೆ ಅಷ್ಟಗಲ ಹರಡಿಕೊಂಡಿತು. ಅರ್ಜಿಯ ಕಣ್ಣಲ್ಲಿ ನೀರು ಬಂತು.

ಆನಂದದಲ್ಲಿ ಬ್ರೇಕ್ ಒತ್ತಿ ಕಾರು ನಿಲ್ಲಿಸಿದ. ಅಷ್ಟೆ!

ಕಾರು ಪೂರ್ತಿ ನಿಂತರೆ ಆಟ ಮುಗಿಯಿತು ಎಂದು ಆ ಹಳೇ ಗೇಮಿನ ಲೆಕ್ಕ. ತಟ್ಟನೆ ಅದು ಮೊದಲ ಪುಟಕ್ಕೆ ಹಾರಿತು. ಆ ಪುಟಕ್ಕೆ ಗೊತ್ತಿದ್ದದ್ದು ಚೌಕದ ಪರದೆ ಮಾತ್ರ. ಎರಡು ಮಾನಿಟರು ಕಪ್ಪಗಾದವು, ಮೂರನೆಯದರಲ್ಲಿ ಚಪ್ಪಟೆ ಕಾರು ಹಲ್ಲು ಕಿರಿಯಿತು, ಬರೆದಿದ್ದ ಸೆಟ್ಟಿಂಗೆಲ್ಲ ಅಳಿಸಿಹೋಯಿತು.

ಮತ್ತೆ ಮೊದಲಿಂದ. ಬೆವರು ಒರೆಸಲೂ ಪುರುಸೊತ್ತಿಲ್ಲ. ಎಲ್ಲ ಸರಿಯಾಗಿ ಕಾರು ಹೊರಟಾಗ ಮೂರು ಗಂಟೆ ಹತ್ತು ನಿಮಿಷ. ಅರ್ಜಿ ಕಾರನ್ನು ಮೆಲ್ಲಗೆ ಉರುಳಿಸುತ್ತಲೇ ಹೇಳಿದ:

“ಎಲ್ರೂ ಕೇಳಿ. ಯಾರೂ ಬ್ರೇಕ್ ಮುಟ್ಟಬೇಡಿ. ಕಾರು ನಿಂತ್ರೆ ನನ್ ಕಥೆ ಮುಗೀತು.”

“ನಿಲ್ಲದ ಕಾರಲ್ಲಿ ಏನಪ್ಪಾ ಕಲಿಸ್ತೀಯ?” ಎಂದಳು ಅಕ್ಕ.

ಅವನು ಉತ್ತರ ಕೊಡುವಷ್ಟರಲ್ಲಿ ಹೊರಗೆ ಜೀಪಿನ ಬಾಗಿಲು ದಡ್ಡೆಂದಿತು. ನಾಲ್ಕಕ್ಕೆ ಬರಬೇಕಿದ್ದ ಇನ್ಸ್‌ಪೆಕ್ಟರ್ ಮೇಡಂ ಮುಕ್ಕಾಲು ಗಂಟೆ ಮುಂಚೆಯೇ ಬಂದಿದ್ದರು! ಕೈಯಲ್ಲೊಂದು ಕಡತ, ಮೂಗಿನ ತುದಿಯಲ್ಲಿ ಕನ್ನಡಕ, ನಗು ಎಂಬುದನ್ನು ಮನೆಯಲ್ಲಿಟ್ಟು ಬಂದ ಮುಖ. ಹಿಂದೆ ಮಾಲೀಕರು ಕೈ ಉಜ್ಜುತ್ತಾ ಬಂದರು.

“ಇದೇನಾ ಸಿಮ್ಯುಲೇಟರು?”

“ಇದೇ ಮೇಡಂ, ಹೊಚ್ಚ ಹೊಸದು!” ಎಂದರು ಮಾಲೀಕರು. ಸ್ಟುಡಿಯೋ ಅಣ್ಣ ತನ್ನ ಮಾನಿಟರಿನ ಮೇಲಿದ್ದ ಹಳೇ ಸ್ಟಿಕ್ಕರನ್ನು ಅಂಗೈಯಿಂದ ಮುಚ್ಚಿದ.

“ನಾನು ಓಡ್ಸಲ್ಲ, ನೋಡ್ತೀನಿ. ನಿಮ್ ಕಡೆ ಕಲಿಸೋರು ಯಾರು, ಅವ್ರು ಕೂತ್ಕೊಳ್ಳಿ.”

ಕ್ಲಚ್ ಮಾಮ ಎದೆ ಉಬ್ಬಿಸಿ ಮುಂದೆ ಬಂದರು. ಕಾರು ಹತ್ತಿದ ಕೂಡಲೇ ಬ್ರೇಕ್ ಒತ್ತಿ ನೋಡುವುದು ಅವರ ಇಪ್ಪತ್ತೆಂಟು ವರ್ಷದ ಅಭ್ಯಾಸ. ಅರ್ಜಿಗೆ ಅದು ತಟ್ಟನೆ ನೆನಪಾಯಿತು.

“ನಾನೇ ಓಡ್ಸ್ತೀನಿ ಮೇಡಂ! ನಂಗೆ… ಅಭ್ಯಾಸ ಇದೆ!” ಎಂದು ಸ್ಟಿಯರಿಂಗನ್ನು ಅಪ್ಪಿಕೊಂಡ.

ಮೇಡಂ ಅವನ ಹಿಂದೆಯೇ ಕುರ್ಚಿ ಹಾಕಿಕೊಂಡರು. ಅವರ ಪೆನ್ನಿನ ಟಿಕ್ ಟಿಕ್ ಅವನ ಕಿವಿಗೆ ನೇರ ಕೇಳುತ್ತಿತ್ತು. ದೂರದಲ್ಲಿ ಕೆಂಪು ದೀಪ ಕಂಡಿತು.

ನಿಂತರೆ ಗೇಮ್ ಮೊದಲ ಪುಟಕ್ಕೆ. ನಿಲ್ಲದಿದ್ದರೆ ಇನ್ಸ್‌ಪೆಕ್ಟರ್ ಎದುರಿಗೇ ಸಿಗ್ನಲ್ ಜಂಪ್. ಅತ್ತ ದರಿ, ಇತ್ತ ಪುಲಿ. ಅರ್ಜಿ ಕಾರನ್ನು ಆಮೆಯ ನಡಿಗೆಗೆ ಇಳಿಸಿದ. ಕಾರು ಇಂಚಿಂಚು ತೆವಳಿತು. ದೀಪ ಕೆಂಪು. ಇನ್ನೂ ಕೆಂಪು. ಮುಂದಿನ ಚಕ್ರ ಗೆರೆ ಮುಟ್ಟಲು ಗೇಣುದ್ದ ಇರುವಾಗ ಹಸಿರಾಯಿತು. ಹೋದ ಜೀವ ಬಂತು.

ಆದರೆ ಅದರಾಚೆ ಮತ್ತೊಂದು ಸಿಗ್ನಲ್ಲು, ಅದೂ ಕೂಗಳತೆಯಲ್ಲಿ. ತೆವಳುವುದಕ್ಕೂ ಜಾಗವಿಲ್ಲ. ನಡುವೆ ಒಂದು ವೃತ್ತವಿತ್ತು. ಅರ್ಜಿ ಹಿಂದೆಮುಂದೆ ನೋಡದೆ ಕಾರನ್ನು ಅದಕ್ಕೆ ತಿರುಗಿಸಿದ. ಸುತ್ತು ಮುಗಿಯುವಷ್ಟರಲ್ಲಿ ದೀಪ ಹಸಿರಾದೀತು ಎಂದುಕೊಂಡ. ಆಗಲಿಲ್ಲ. ಇನ್ನೊಂದು ಸುತ್ತು ಹೊಡೆದ. ಹಸಿರಾಗಿದ್ದದ್ದು ಅವನು ಸಿಗ್ನಲ್ಲಿನ ಕಡೆಯ ರಸ್ತೆ ತಲುಪುವಷ್ಟರಲ್ಲಿ ಮತ್ತೆ ಕೆಂಪಾಯಿತು. ಮತ್ತೊಂದು ಸುತ್ತು.

ಗೇಮಿನಲ್ಲಿ ಇಂಡಿಕೇಟರ್ ಇರಲಿಲ್ಲ. ಸುಮ್ಮನೆ ತಿರುಗಿಸಿದರೆ ಮೇಡಂ ಏನಾದರೂ ಬರೆದುಕೊಂಡಾರೆಂಬ ಭಯಕ್ಕೆ ಅರ್ಜಿ ಪ್ರತಿ ತಿರುವಿಗೂ ಕೈ ಚಾಚಿ ಸನ್ನೆ ಮಾಡತೊಡಗಿದ. ನಾಲ್ಕನೇ ಸುತ್ತಿಗೆ ಕೈ ಸ್ಟುಡಿಯೋ ಅಣ್ಣನ ಮೂಗಿಗೆ ಬಡಿಯಿತು.

“ಅಯ್ಯೋ ನನ್ ಮೂಗು!”

“ಪಾದಚಾರಿಗಳು ದೂರ ನಿಲ್ಲಿ” ಎಂದರು ಮೇಡಂ, ತಲೆ ಎತ್ತದೆ.

ಐದು, ಆರು, ಏಳು. ಮೂರು ಪರದೆಯಲ್ಲೂ ಮರ, ಕಂಬ, ಅಂಗಡಿ ಗಿರಗಿರ ಸುತ್ತಿದವು. ಮಾಲೀಕರು ಟೇಬಲ್ಲು ಹಿಡಿದುಕೊಂಡರು. ಅಕ್ಕ ಕಣ್ಣು ಮುಚ್ಚಿಕೊಂಡಳು. ಕ್ಲಚ್ ಮಾಮ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, “ನಂಗೆ ವಾಂತಿ ಬರೋ ಹಾಗಿದೆ, ಇಳಿಸ್ಬಿಡೋ” ಎಂದು ನರಳಿದರು. ಅರ್ಜಿಯ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಅಮ್ಮನದೇ ಇರಬೇಕು, ‘ಕಾಯಂ ಆಯ್ತೇನೋ?’ ಎಂದು ಕೇಳಲು. ತೆಗೆಯಲಿಲ್ಲ.

ಹನ್ನೊಂದನೇ ಸುತ್ತಿಗೆ ಮೇಡಂ ಕಡತ ಮುಚ್ಚಿದರು.

“ಸಾಕು. ನಿಲ್ಸಿ.”

ನಿಲ್ಲಿಸುವುದೇ? ಅರ್ಜಿ ಬ್ರೇಕ್ ಮುಟ್ಟಲಿಲ್ಲ. ಕಾಲು ಚಾಚಿ ಗೋಡೆಯ ಸ್ವಿಚ್ಚನ್ನೇ ಹೆಬ್ಬೆರಳಿನಿಂದ ಒತ್ತಿಬಿಟ್ಟ. ಸಂಜೆ, ಮಧ್ಯಾಹ್ನ, ಬೆಳದಿಂಗಳು ಮೂರೂ ಒಟ್ಟಿಗೆ ಆರಿಹೋದವು.

ಮೇಡಂ ಕನ್ನಡಕ ತೆಗೆದು ಒರೆಸಿದರು.

“ನೋಡಿ, ಇದು ಸಿಮ್ಯುಲೇಟರ್ ಅಲ್ಲ. ಕಾರ್ ಗೇಮು. ನನ್ ಮಗನೂ ಇದನ್ನೇ ಆಡ್ತಾನೆ.”

ಮಾಲೀಕರ ಮುಖ ಹರಳೆಣ್ಣೆ ಕುಡಿದಂತಾಯಿತು. ಅರ್ಜಿಯ ನಾಲ್ಕು ವರ್ಷ ಕಣ್ಣೆದುರೇ ಕರಗಿ ನೆಲಕ್ಕಿಳಿಯಿತು.

“ಇದನ್ನ ನಾನು ಒಪ್ಪಕ್ಕಾಗಲ್ಲ. ಆದ್ರೆ ಈ ಮನುಷ್ಯನ್ನ ಒಪ್ತೀನಿ” ಎಂದು ಮೇಡಂ ಪೆನ್ನಿನಿಂದ ಅರ್ಜಿಯನ್ನು ತೋರಿಸಿದರು. “ನನ್ ಮಗ ಈ ಗೇಮ್ ಹಾಕಿದ್ರೆ ಎರಡು ನಿಮಿಷಕ್ಕೆ ನಾಲ್ಕು ಜನರ ಮೇಲೆ ಹತ್ತಿಸ್ತಾನೆ. ಇವ್ರು? ಸಿಗ್ನಲ್ ಹಾರಿಸ್ಲಿಲ್ಲ, ಸ್ಪೀಡ್ ಮಾಡ್ಲಿಲ್ಲ. ಆಟದ ಕಾರಿಗೂ ಕೈ ಸನ್ನೆ ಕೊಟ್ರು! ಹನ್ನೊಂದು ಸುತ್ತು ಹಾಕಿದ್ರೂ ತಾಳ್ಮೆ ಕಳ್ಕೊಳ್ಲಿಲ್ಲ. ನನ್ ಸರ್ವೀಸಲ್ಲೇ ಇಂಥ ಟೀಚರ್ ನೋಡಿಲ್ಲ. ಇವ್ರನ್ನ ಕಂಪ್ಯೂಟರ್ ಮುಂದೆ ಯಾಕ್ರೀ ಕೂರಿಸಿದ್ದೀರಿ? ಇವತ್ತಿಂದ್ಲೇ ರಸ್ತೆಗೆ ಇಳಿಸಿ. ಸಿಮ್ಯುಲೇಟರ್‌ಗೆ ಆರು ತಿಂಗಳು ಟೈಮ್ ಕೊಡ್ತೀನಿ. ಇವ್ರು ಇನ್‌ಸ್ಟ್ರಕ್ಟರ್ ಆಗಿ ಕಾಯಂ ಆದ್ರೆ ಮಾತ್ರ ಪರ್ಮಿಟ್‌ಗೆ ಸೈನ್ ಹಾಕೋದು.”

“ಆಗ್ಲೇ ಆದ ಮೇಡಂ! ಈಗ್ಲೇ ಆದ!” ಮಾಲೀಕರು ಓಡಿಹೋಗಿ ಡ್ರಾಯರಿನಿಂದ ನೇಮಕದ ಫಾರಂ ತಂದರು. ಅಕ್ಕ ಪೆನ್ನು ಕೊಟ್ಟಳು. ಕ್ಲಚ್ ಮಾಮ ನೆಲದಿಂದಲೇ, “ನಾಳೆ ಬೆಳಗ್ಗೆ ಆರಕ್ಕೆ ಹೊಸಬರ ಬ್ಯಾಚು, ಕಾರು ನೀನೇ ತೆಗೆಯಪ್ಪ” ಎಂದು ಆಶೀರ್ವಾದ ಮಾಡಿದರು.

ಅರ್ಜಿ ಫಾರಂ ತುಂಬತೊಡಗಿದ. ಸಾವಿರಾರು ಫಾರಂ ತುಂಬಿದ ಕೈ ತಾನಾಗಿಯೇ ಓಡಿತು. ಹೆಸರು, ತಂದೆಯ ಹೆಸರು, ವಿಳಾಸ, ವಿದ್ಯಾಭ್ಯಾಸ. ಹುದ್ದೆ: ತರಬೇತುದಾರ, ಕಾಯಂ. ಆಮೇಲೆ ಪೆನ್ನು ನಿಂತಿತು.

‘ಡ್ರೈವಿಂಗ್ ಲೈಸೆನ್ಸ್ ನಂಬರ್.’

ಅವನಿಗೆ ಲೈಸೆನ್ಸ್ ಇರಲಿಲ್ಲ. ನಿಜವಾದ ಕಾರಿನ ಸ್ಟಿಯರಿಂಗನ್ನು ಅವನು ಹುಟ್ಟಿದಂದಿನಿಂದ ಮುಟ್ಟಿರಲಿಲ್ಲ. ಆಟದಲ್ಲಾದರೆ ಗುದ್ದಿದ ಮೇಲೂ ಇನ್ನೊಂದು ಜೀವ ಇರುತ್ತದೆ, ರಸ್ತೆಯಲ್ಲಿ ಯಾರ ಹತ್ತಿರ ಇರುತ್ತದೆ ಎಂಬ ಹೆದರಿಕೆ ಅವನದು. ಅರ್ಜಿ ತುಂಬುವ ಗುಮಾಸ್ತನಿಗೆ ನಿನಗೆ ಲೈಸೆನ್ಸ್ ಇದೆಯೇ ಎಂದು ನಾಲ್ಕು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ.

“ಬರಿಯಯ್ಯ, ಮೇಡಂ ಕಾಯ್ತಿದ್ದಾರೆ” ಎಂದು ಮಾಲೀಕರು ಕಾರಿನ ಕೀಯನ್ನು ಅವನ ಎಡಗೈಗೆ ತುರುಕಿದರು. ಮೇಡಂ ಪರ್ಮಿಟ್ಟಿನ ಮೇಲೆ ಪೆನ್ನಿಟ್ಟು ಅವನನ್ನೇ ನೋಡುತ್ತಿದ್ದರು. ಇಲ್ಲ ಎಂದರೆ ಪರ್ಮಿಟ್ಟೂ ಇಲ್ಲ, ಸ್ಕೂಲೂ ಇಲ್ಲ, ಟೆಂಪರರಿ ಕೆಲಸವೂ ಇಲ್ಲ. ಇದೆ ಎಂದರೆ ಬೆಳಗ್ಗೆ ಆರು ಗಂಟೆಗೆ ನಿಜವಾದ ರಸ್ತೆ. ಅಲ್ಲಿ ಕಾಲ್ಬೆರಳಿನಿಂದ ಒತ್ತಿ ಆರಿಸುವ ಸ್ವಿಚ್ಚಿಲ್ಲ.

ಹೇಳಿ, ಅವನ ಕುರ್ಚಿಯಲ್ಲಿ ನೀವು ಕೂತಿದ್ದರೆ ಆ ಖಾಲಿ ಜಾಗದಲ್ಲಿ ಏನು ಬರೆಯುತ್ತಿದ್ದಿರಿ?