ಧ್ರುವದ ಥಂಡಿ ಖರೇನೋ ಸುಳ್ಳೋ

ನೌಬಾದದ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಕೂತು, ಧ್ರುವಪ್ರದೇಶದಲ್ಲಿ ಯಾರೋ ಎಂದೋ ಬರೆದಿಟ್ಟ ಉಷ್ಣಾಂಶದ ದಾಖಲೆ ನಂಬುವಂಥದ್ದೇ ಎಂದು ಕಂಪ್ಯೂಟರಿನಲ್ಲಿ ಪರಿಶೀಲಿಸುವುದು ನನ್ನ ನೌಕರಿ. ಎಷ್ಟೋ ದಿನ ಸಂಜೆಯವರೆಗೆ ಬಾಯಿಂದ ಒಂದು ಮಾತೂ ಹೊರಡುವುದಿಲ್ಲ. ಹೊರಟ ದಿನ ಮಾತ್ರ ಹೀಗೆ ಏನಾದರೊಂದು ಆಗಿಯೇ ತೀರುತ್ತದೆ.

೧. ಖಾಲಾ

ಮನೆ ಮಾಲಕಿ ಖಾಲಾ ಒಮ್ಮೆ ಚಹಾ ತಂದರು.

"ದಿನಾ ಬಾಗಿಲಾ ಹಾಕ್ಕೊಂಡು ಏನ್ ಮಾಡ್ತಿ ಬೇಟಿ?"

"ಧ್ರುವದಾಗ ಹಿಂದ ಎಷ್ಟು ಥಂಡಿ ಇತ್ತು ಅಂತ ಬರದಿಟ್ಟಾರ್ರಿ. ಖರೇನೋ ಸುಳ್ಳೋ ನೋಡ್ತೇನಿ."

"ಅಲ್ಲಿ ಮಂದಿ ಇದ್ದಾರೇನು?"

"ಇಲ್ರಿ, ಬರೀ ಬರ್ಫ."

ಖಾಲಾ ನನ್ನ ಕೋಣೆಯನ್ನು ಒಮ್ಮೆ ಸುತ್ತ ನೋಡಿದರು. "ಅಲ್ಲೂ ಯಾರಿಲ್ಲ, ಇಲ್ಲೂ ಯಾರಿಲ್ಲ. ಮತ್ತ ಸುಳ್ಳು ಹೇಳಿದ್ದು ಯಾರಿಗೆ?"

೨. ಭಾಷಣ

ಭಾಲ್ಕಿಯ ಒಂದು ಶಾಲೆಗೆ ಭಾಷಣಕ್ಕೆ ಕರೆದರು. ಅಷ್ಟೊಂದು ಜನ ಎದುರಿಗೆ ಸಿಕ್ಕ ಖುಷಿಗೆ ಒಂದೂವರೆ ತಾಸು ಮಾತಾಡಿದೆ. ಥರ್ಮಾಮೀಟರನ್ನು ಕಟ್ಟಡದ ಹತ್ತಿರ ಸರಿಸಿದರೂ ಊರೇ ಬೆಚ್ಚಗಾದಂತೆ ಕಾಣುತ್ತದೆ ಎಂದೆ. ಒಂದು ಹಳೆಯ ಪುಸ್ತಕದಲ್ಲಿ ಹನ್ನೊಂದು ದಿನ ಒಂದೇ ಅಂಕಿ ಇತ್ತು, ಬರೆಯುವವನು ಚಳಿಗೆ ಹೊರಗೇ ಹೋಗಿರಲಿಕ್ಕಿಲ್ಲ ಎಂದೆ.

ಹೆಡ್‌ಮಾಸ್ತರು ಎದ್ದು ಬಂದು ಮೈಕು ಇಸಿದುಕೊಂಡರು. ಕಿವಿಯಲ್ಲಿ ಅಂದರು: "ಸಾಕ್ರಿ ಮೇಡಂ. ನಮ್ಮ ಶಾಲಿ ಮಳಿ ಲೆಕ್ಕದ ಪುಸ್ತಕದಾಗ ಇಡೀ ಶ್ರಾವಣ ಒಂದೇ ಅಂಕಿ ಅದ, ನಾಳಿ ಸಾಹೇಬ್ರು ನೋಡಾಕ ಬರ್ತಾರ!"

೩. ಚಿಂತಾಕಿಯ ಸಂಬಂಧ

ನನಗೀಗ ಮೂವತ್ತೇಳು. ಔರಾದ ಹತ್ತಿರದ ಚಿಂತಾಕಿಯಿಂದ ಕಾಕಾ ಒಂದು ಸಂಬಂಧ ತಂದರು. ನನ್ನ ಕೋಣೆಯಲ್ಲಿ ಇದ್ದದ್ದು ಒಂದೇ ಕುರ್ಚಿ. ಹುಡುಗ ತಾಯಿಯೊಂದಿಗೆ ನೋಡಲು ಬರುವ ದಿನ ಖಾಲಾನ ಮನೆಯಿಂದ ಮೂರು ತಂದು ಹಾಕಿದೆ.

ಹುಡುಗನಿಗೆ ಮೂವತ್ತೆಂಟು ಎಂದಿದ್ದರು. ನಗುಮುಖದ ಮನುಷ್ಯ, ನನಗೆ ಹಿಡಿಸಿದ. ಮಾತಿನ ನಡುವೆ, "ನಾ ಮ್ಯಾಟ್ರಿಕ್ ಪಾಸಾಗಿ ಮೂವತ್ತು ವರ್ಷ ಆತ್ರಿ" ಅಂದ.

ಕೆಲಸದ ಚಾಳಿ, ಬಾಯಿ ತಡೆಯಲಿಲ್ಲ. "ಅಂದ್ರ ಎಂಟನೇ ವರ್ಷಕ್ಕ ಮ್ಯಾಟ್ರಿಕ್ ಮುಗಿಸೀರೇನ್ರಿ?"

ಹುಡುಗ ಜೋರಾಗಿ ನಕ್ಕ. ಅವನ ತಾಯಿ ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಅವರು ಹೋದಮೇಲೆ ಕುರ್ಚಿಗಳನ್ನು ಒಂದೊಂದಾಗಿ ಹೊತ್ತು ಕೊಟ್ಟುಬಂದೆ. ಮನಸ್ಸಿಗೆ ಬಹಳ ಕೆಟ್ಟೆನಿಸಿತು.

ಸಂಜೆ ಕಾಕಾನ ಫೋನು. "ಹುಡುಗ ಹೂಂ ಅಂತಾನವ್ವಾ. ಅವರವ್ವ ಒಲ್ಲೆ ಅಂತಾಳ."

"ಸುಳ್ಳು ಹಿಡದೆ ಅಂತ ಸಿಟ್ಟೇನು?"

"ಅದಲ್ಲವ್ವಾ. ಹುಡುಗಗ ಖರೇ ಅಂದ್ರ ನಲವತ್ತಾರು. ಮಗನ ವಯಸ್ಸಿಗೆ ಎಂಟು ಕೂಡಿಸಿದ್ರ, ತನ್ನ ವಯಸ್ಸಿಗೂ ಎಂಟು ಕೂಡಿಸಬೇಕಾಗ್ತದಂತ!"