ಮಡಿಕೆಯಿಲ್ಲದ ಪೋಸ್ಟರು, ಓದದ ಕಾದಂಬರಿ

ಕಾಗದ ನೋಡಲು ಹೋದ ನಾನು ಬರೀ ಕಾಗದ ನೋಡಿ ಬಂದದ್ದು ಕಡಿಮೆ. ಹಳೇ ಸಿನಿಮಾ ಪೋಸ್ಟರು, ಹಳೇ ಕಾದಂಬರಿಗಳ ಸ್ಥಿತಿ ನೋಡಿ ದರ್ಜೆ ಹೇಳುವುದು ನನ್ನ ಕೆಲಸ. ಕೊಳ್ಳುವ ದೂರದೂರಿನ ಸಂಗ್ರಹಕಾರರು, ಮಾರುವ ಮನೆಯವರು ಫೋನ್ ಮಾಡುತ್ತಾರೆ. ಗೋಕಾಕದಿಂದ ನಾನು ಬಸ್ಸು ಹತ್ತುತ್ತೇನೆ. ಹರಕು ಎಲ್ಲಿದೆ, ಮಡಿಕೆ ಎಷ್ಟಿವೆ, ಹುಳ ಎಲ್ಲಿತನಕ ತಿಂದಿದೆ ಅಂತ ನೋಡಿ ಹೇಳಬೇಕು. ಅಷ್ಟೇ ಕೆಲಸ. ಆದರೆ ಅಷ್ಟಕ್ಕೇ ಮುಗಿದರೆ ತಾನೇ!

ಒಂದೂ ಮಡಿಕೆ ಇಲ್ಲ

ಯಮಕನಮರಡಿಯಿಂದ ಒಬ್ಬರು ಫೋನ್ ಮಾಡಿದರು. ಅವರ ತಂದೆ ಹಿಂದೆ ಟಾಕೀಸಿನಲ್ಲಿ ಕೆಲಸಕ್ಕಿದ್ದರಂತೆ.

"ದೊಡ್ಡ ಪೋಸ್ಟರ್ ಐತ್ರಿ. ಬಣ್ಣ ಒಂಚೂರೂ ಹೋಗಿಲ್ಲ."

ಆಗೆಲ್ಲ ಪೋಸ್ಟರುಗಳನ್ನು ಮಡಚಿಯೇ ಕಳಿಸುತ್ತಿದ್ದರು. ಮಡಿಕೆ ಇಲ್ಲದ್ದು ಸಿಗುವುದೇ ಅಪರೂಪ. ಅದಕ್ಕೆ ಕೇಳಿದೆ, "ಮಡಿಕಿ ಎಷ್ಟದಾವ್ರಿ?"

"ಒಂದೂ ಇಲ್ಲ್ರಿ. ನಾ ಹುಟ್ಟಿದಾಗಿಂದ ಯಾರೂ ಮಡಚಿಲ್ಲ."

ಸುತ್ತಿ ತರಲು ಉದ್ದನೆಯ ರಟ್ಟಿನ ಕೊಳವೆ ಹಿಡಿದುಕೊಂಡು ಖುಷಿಯಿಂದ ಹೋದೆ. ಅವರು ನೇರವಾಗಿ ಅಡುಗೆಮನೆಗೆ ಕರೆದೊಯ್ದರು. ಅದರ ಬಾಗಿಲ ತುಂಬ ಪೋಸ್ಟರಿನ ನಾಯಕ ಕತ್ತಿ ಎತ್ತಿ ನಿಂತಿದ್ದ. ಬಾಗಿಲ ಚಿಲಕ ಸರಿಯಾಗಿ ಅವನ ಹೊಟ್ಟೆಯ ಮೇಲಿತ್ತು.

"ಇದನ್ನ ಬಾಗಲಕ್ಕ ಅಂಟಿಸ್ಯಾರಲ್ರಿ! ಮಡಿಕಿ ಇಲ್ಲ ಅಂದ್ರಿ?"

ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು. "ಮತ್ತ ಖರೇನ ಇಲ್ಲಲ್ರಿ. ಬಾಗಲಾ ಹೆಂಗ ಮಡಚೂದು?"

ಕೊನೇ ಹಾಳೆ

ಕಲ್ಲೋಳಿಯ ಅಜ್ಜರೊಬ್ಬರ ಬಳಿ ಒಂದು ಟ್ರಂಕಿನ ತುಂಬ ಪತ್ತೇದಾರಿ ಕಾದಂಬರಿಗಳಿದ್ದವು. ಮುಖಪುಟಗಳು ಹೊಳೆಯುತ್ತಿದ್ದವು, ಹೊಲಿಗೆ ಗಟ್ಟಿಯಾಗಿತ್ತು. ಆದರೆ ಯಾವುದನ್ನು ತೆಗೆದರೂ ಕೊನೇ ಹಾಳೆ ಇಲ್ಲ.

"ಅಜ್ಜಾರ, ಇಲಿ ಕಡದಾವೇನ್ರಿ?"

"ಇಲಿ ಹಿಂಗ ಕೊನೀ ಹಾಳಿನ ಹುಡುಕಿ ಕಡೀತೈತೇನೋ ತಮ್ಮಾ? ನಾನ ಹರದೇನಿ. ನಮ್ಮಣ್ಣ ಮೊದಲ ಕೊನೀ ಹಾಳಿ ಓದಿ, ಕೊಂದಾಂವ ಯಾರು ಅಂತ ಎಲ್ಲಾರೂ ಊಟಕ್ಕ ಕುಂತಾಗ ಹೇಳಿಬಿಡಾಂವ. ಅದಕ್ಕ ಪುಸ್ತಕ ತಂದ ಕೂಡ್ಲೇ ಹರದು ಡಬ್ಬಿಗೆ ಹಾಕತಿದ್ದೆ."

ಡಬ್ಬಿ ಇನ್ನೂ ಇತ್ತು! ದರ್ಜೆ ಹೇಳುವ ಕೆಲಸ ಮರೆತು ನಾನೂ ನೆಲದ ಮೇಲೆ ಕೂತೆ. ಹರಿದ ಅಂಚಿಗೆ ಅಂಚು ಹೊಂದಿಸುತ್ತ, ಇಬ್ಬರೂ ಸಂಜೆಯವರೆಗೆ ಒಂದೊಂದು ಹಾಳೆಗೂ ಅದರ ಪುಸ್ತಕ ಹುಡುಕಿದೆವು. ಕಡೆಗೆ ಒಂದು ಹಾಳೆ ಮಾತ್ರ ಅನಾಥವಾಗಿ ಉಳಿಯಿತು. ಅದರಲ್ಲಿ ಡಾಕ್ಟರೊಬ್ಬ ಕೈಗೆ ಬೇಡಿ ಹಾಕಿಸಿಕೊಂಡು ತಪ್ಪೊಪ್ಪಿಕೊಳ್ಳುತ್ತಿದ್ದ. ಅದರ ಪುಸ್ತಕ ಟ್ರಂಕಿನಲ್ಲಿ ಇರಲಿಲ್ಲ.

ಅಜ್ಜರು ಈಗಲೂ ಫೋನ್ ಮಾಡುತ್ತಾರೆ. "ಆ ಪುಸ್ತಕ ಸಿಕ್ತೇನೋ ತಮ್ಮಾ? ಕೊಂದಾಂವ ಡಾಕ್ಟರ ಅಂತ ಗೊತ್ತಾತು. ಸತ್ತಾಂವ ಯಾರು ಅಂತ ತಿಳೀದ ಜೀವಕ್ಕ ಸಮಾಧಾನ ಇಲ್ಲ ನೋಡು!"

ಹೊಸದರಂಥ ಪ್ರತಿ

ಗೋಕಾಕ ಫಾಲ್ಸ್‌ನಲ್ಲಿ, ಮಿಲ್ಲಿನಿಂದ ನಿವೃತ್ತರಾದ ಕಾಕಾ ಒಬ್ಬರು ಹಳೇ ಪುಸ್ತಕಗಳನ್ನೆಲ್ಲ ಮಂಚದ ಮೇಲೆ ಹರಡಿದ್ದರು. ಅವರ ಹೆಂಡತಿ, ಕಾಕು, ಒಳಗೆ ಚಹಾ ಮಾಡುತ್ತಿದ್ದರು. ರಾಶಿಯಲ್ಲಿ ಒಂದು ಸಾಮಾಜಿಕ ಕಾದಂಬರಿ ಕೈಗೆ ಸಿಕ್ಕಿತು. ತೆರೆದು ನೋಡಿ ದಂಗಾದೆ. ಬೆನ್ನಿನ ಮೇಲೆ ಒಂದು ಗೆರೆ ಕೂಡ ಇಲ್ಲ. ಮೇಲಾಗಿ, ಬೈಂಡಿಂಗ್ ಮಾಡುವಾಗ ಅಂಚು ಕತ್ತರಿಸುವುದನ್ನೇ ಮರೆತಿದ್ದರು. ಹಾಳೆಗಳು ಮೇಲ್ತುದಿಯಲ್ಲಿ ಒಂದಕ್ಕೊಂದು ಕೂಡಿಕೊಂಡೇ ಇದ್ದವು. ಬಿಡಿಸದೆ ಓದುವಂತೆಯೇ ಇಲ್ಲ.

"ಕಾಕಾ, ಇಂಥ ಪ್ರತಿ ನಾ ನೋಡೇ ಇಲ್ಲ್ರಿ! ಮೊದಲನೇ ದರ್ಜೆ! ಇದನ್ನ ಯಾರೂ ಓದೇ ಇಲ್ಲ!"

ಅಷ್ಟರಲ್ಲಿ ಕಾಕು ಚಹಾ ತಂದರು. ಅವರ ಹಿಂದಿನಿಂದ ಕಾಕಾ ಕಣ್ಣು ಮಿಟುಕಿಸಿದರು. ಕಣ್ಣಿಗೆ ಏನೋ ಬಿದ್ದಿರಬೇಕು ಅಂದುಕೊಂಡು ನಾನು ಕಾಕುಗೂ ವಿವರಿಸಿದೆ. "ನೋಡ್ರಿ ಕಾಕು, ಹಾಳಿ ಇನ್ನೂ ಕೂಡೇ ಅದಾವ. ಮೊದಲ ಪುಟ ದಾಟಿ ಯಾರೂ ಹೋಗಿಲ್ಲ."

ಕಾಕು ಚಹಾ ಕೆಳಗಿಟ್ಟು ಪುಸ್ತಕ ಇಸಿದುಕೊಂಡರು.

"ಇದು ನಮ್ಮ ಲಗ್ನ ನಿಶ್ಚಯ ಆದಾಗ ನಾನು ಇವರಿಗೆ ಕೊಟ್ಟಿದ್ದು," ಎಂದು ನನಗೆ ಹೇಳಿ, ಕಾಕಾನ ಕಡೆ ತಿರುಗಿದರು. "ಮೂರು ಸಲ ಓದಿದೆ, ಓದಿ ಅತ್ತುಬಿಟ್ಟೆ ಅಂದಿದ್ರಿ!"

ಕಾಕಾ ಮಂಚದ ಕಾಲು ನೋಡತೊಡಗಿದರು. ನಾನು ಬಾಯಿ ಹಾಕಿದೆ. "ಕೆಲವರು ಭಾಳ ಜೋಪಾನ ಮಾಡಿ ಓದತಾರ್ರಿ ಕಾಕು…"

"ಹಾಳಿ ಬಿಡಿಸದನ?"

ಕಾಕು ಒಳಗೆ ಹೋಗಿ ಚಾಕು ಹಿಡಿದುಕೊಂಡು ಬಂದರು. ನಾನು ಗೋಡೆಗೆ ಸರಿದೆ. ಅವರು ಪುಸ್ತಕ ತೆರೆದು ಹಾಳೆಗಳ ನಡುವೆ ಚಾಕು ಆಡಿಸಿದರು, ಚರ್ರ್! ನನ್ನ ಮೊದಲನೇ ದರ್ಜೆ ಕಣ್ಣೆದುರೇ ಕೆಳಗಿಳಿಯಿತು. ಪುಸ್ತಕವನ್ನು ಕಾಕಾನ ಕೈಗಿಟ್ಟರು.

"ಹೂಂ, ಓದ್ರಿ. ನಾ ಕೇಳತೇನಿ."

ಕಾಕಾ ಚಸ್ಮಾ ಏರಿಸಿ, ಗಂಟಲು ಸರಿಮಾಡಿಕೊಂಡರು. "ಅತ್ತಿದ್ದು ಮಾತ್ರ ಖರೆ ಐತಿ ನೋಡು."

"ಓದದನ ಯಾಕ ಅತ್ತ್ರಿ?"

"ಲಗ್ನ ಗಟ್ಟಿ ಆಗಿತ್ತಲ್ಲ!"

ಮೊದಲು ನಕ್ಕವರು ಕಾಕುನೇ. ಅವರು ಚಾಕು ಕೆಳಗಿಟ್ಟ ಮೇಲೆ ನಾನೂ ನಕ್ಕೆ.